ಈಗ ಎಂದ ಮೇಲೆ

ನಮ್ಮೂರಿನ ತಂಡದವರು ದಾಳಿಗೆ ಹೊರಟಾಗ ರೇಡಿಯೊ ಸುಮ್ಮನಾಗುತ್ತಿತ್ತು. ರಾಜಧಾನಿಯ ತಂಡದವರು ದಾಳಿಗೆ ಬಂದರೆ ಮತ್ತೆ ಮಾತಾಡುತ್ತಿತ್ತು. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಹಾಗೆಯೇ ಇತ್ತಂತೆ. ಚಿತ್ರಗೀತೆಗೆ, ಪೇಟೆ ಧಾರಣೆಗೆ, ಹವಾಮಾನ ವರದಿಗೆ ಅದು ಎಂದೂ ತಡವರಿಸಿದ್ದಿಲ್ಲ. ಕಬಡ್ಡಿಯ ವೀಕ್ಷಕ ವಿವರಣೆಯಲ್ಲಿ ಮಾತ್ರ, ಅದೂ ನಮ್ಮವರು ನಡುಗೆರೆ ದಾಟುವ ಹೊತ್ತಿಗೆ, ದನಿ ನಿಲ್ಲುತ್ತಿತ್ತು. ಹಿಂದೊಮ್ಮೆ ಪೆಟ್ಟಿಗೆ ಬದಲಿಸಿ ನೋಡಿದ್ದರು. ನೀರಿನ ಟ್ಯಾಂಕಿನ ತುದಿಗೆ ತಂತಿ ಏರಿಸಿ ನೋಡಿದ್ದರು. ರಿಪೇರಿಯವನೊಬ್ಬ ಇಡೀ ಸೆಟ್ಟು ಬಿಚ್ಚಿ ಚಾಪೆಯ ಮೇಲೆ ಹರವಿ, ಮತ್ತೆ ಜೋಡಿಸಿ, ಎರಡು ಸಲ ಚಹಾ ಕುಡಿದು, 'ಪೆಟಗಿ ಛಲೋ ಅದರಿ' ಎಂದು ಹೇಳಿ ಹೋಗಿದ್ದ. ನನ್ನ ಕಾಲಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಊರ ಒಂದು ಬಾವಿಯ ನೀರು ಸಿಹಿ, ಇನ್ನೊಂದರದು ಸವುಳು ಎಂಬುದನ್ನು ಒಪ್ಪಿಕೊಂಡ ಹಾಗೆ ಇದನ್ನೂ ಒಪ್ಪಿಕೊಂಡಿದ್ದರು.

ಆ ಮೌನದಲ್ಲಿ ಗೊರಗೊರ ಸದ್ದು ಕೂಡ ಇರುತ್ತಿರಲಿಲ್ಲ. ವಿವರಣೆ ಕೊಡುತ್ತಿದ್ದವರು ಸೇತುರಾಮಯ್ಯ ಎಂಬ ಹಿರಿಯರು. ಅವರ ದನಿಯಲ್ಲಿ ಬಿಸಿ ಹಾಲಿನ ಹಾಗೆ ಏನೋ ಒಂದು ಹಿತವಿತ್ತು. ರಾಜಧಾನಿಯ ದಾಳಿಗಾರ ಎಡಕ್ಕೆ ವಾಲಿದ್ದು, ಬೆರಳ ತುದಿಯಲ್ಲಿ ಯಾರದೋ ಭುಜ ತಾಕಿದ್ದು, ಹಿಂದಿರುಗಿ ಗೆರೆ ಮುಟ್ಟಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿ ಮುಗಿಸಿ ಅವರು 'ಈಗ' ಎನ್ನುತ್ತಿದ್ದರು. ಆಮೇಲೆ ಏನೂ ಇಲ್ಲ. ಹತ್ತು ಸೆಕೆಂಡು, ಹದಿನೈದು, ಇಪ್ಪತ್ತು. ಮತ್ತೆ ದನಿ ಬಂದಾಗ ಆಟ ಮುಂದೆ ಹೋಗಿರುತ್ತಿತ್ತು. ಅಂಕ ಹೇಳುವಾಗಲೂ ಹೀಗೆಯೇ. 'ರಾಜಧಾನಿ ಇಪ್ಪತ್ತೆರಡು' ಎಂದು ಹೇಳಿ ಒಂದು ಸಣ್ಣ ಮೌನ, ಅದರೊಳಗೆ ನಮ್ಮ ಅಂಕ. ಮೌನ ಚಿಕ್ಕದಾದರೆ ಒಂಬತ್ತೋ ಹತ್ತೋ, ಉದ್ದವಾದರೆ ಹತ್ತೊಂಬತ್ತು ಇಲ್ಲವೇ ಇಪ್ಪತ್ತೊಂದು. ಇದರ ಮೇಲೆ ನಮ್ಮೂರಲ್ಲಿ ಜಗಳಗಳಾಗಿವೆ, ಮಾತು ಬಿಟ್ಟವರಿದ್ದಾರೆ.

'ಹದಿನೇಳು ಅಂದಾರ. ಆ ತುಟಿ ಮುಚ್ಚಿದ ಲೆಕ್ಕ ಹದಿನೇಳರದ್ದು.'

'ಅದ್ಹೆಂಗ? ಹದಿನೇಳಕ್ಕ ಅಷ್ಟ ಉದ್ದ ಎಳೀಬೇಕೇನ? ಇಪ್ಪತ್ತೇಳು ಅದು.'

'ಇಪ್ಪತ್ತೇಳಾದ್ರ ಗೆದ್ದೀವಿ. ಗೆದ್ದಿದ್ರ ಅವರ ದನಿ ಸಪ್ಪಗ ಆಗಬೇಕಿತ್ತಲ್ಲೋ, ಶ್ಯಾಣ್ಯಾ.'

ಮರುದಿನದ ಪತ್ರಿಕೆಯೂ ಹೆಚ್ಚು ನೆರವಾಗುತ್ತಿರಲಿಲ್ಲ. ಸೋತಾಗ 'ರಾಜಧಾನಿಗೆ ಭರ್ಜರಿ ಜಯ', ಗೆದ್ದಾಗ 'ರಾಜಧಾನಿಗೆ ಅನಿರೀಕ್ಷಿತ ಸೋಲು'. ಯಾರ ಕೈಯಲ್ಲಿ ಸೋಲು ಎಂಬುದು ವರದಿಯ ಕೊನೆಯವರೆಗೂ ಇರುತ್ತಿರಲಿಲ್ಲ.

ಮೌನವನ್ನು ತುಂಬುವ ಪದ್ಧತಿ ಯಾರಿಂದ ಶುರುವಾಯಿತೋ ತಿಳಿಯದು. ಭಾನುವಾರ ಮಧ್ಯಾಹ್ನ ಮೂರಕ್ಕೆ ಪುರಸಭೆಯ ವಾಚನಾಲಯದ ಕಪಾಟಿನ ಮೇಲೆ ರೇಡಿಯೊ ಇಡುತ್ತಿದ್ದರು. ಒಳಗೆ ನೂರು ಜನ, ಕಿಟಕಿಯ ಹೊರಗೆ ಇನ್ನೂರು. ಸೇತುರಾಮಯ್ಯ 'ಈಗ' ಎಂದದ್ದೇ ತಡ, ಅಷ್ಟೂ ಜನ ಒಮ್ಮೆಗೇ ಉಸಿರೆಳೆದು 'ಕಬಡ್ಡಿ ಕಬಡ್ಡಿ ಕಬಡ್ಡಿ' ಎಂದು ಶುರು ಮಾಡುತ್ತಿದ್ದರು. ಆಗಿನ ಆಟ ಉಸಿರಿನ ಆಟ, ಗಡಿಯಾರದ್ದಲ್ಲ. ಅಲ್ಲಿ ದಾಳಿಗಾರ ಉಸಿರು ಹಿಡಿದಿರುವಷ್ಟು ಹೊತ್ತು ಇಲ್ಲಿ ಊರೂ ಹಿಡಿದಿರಬೇಕು. ಉಸಿರು ಕಟ್ಟಿದವರು ಒಬ್ಬೊಬ್ಬರಾಗಿ ನಿಲ್ಲಿಸಿ ಎದೆ ನೀವಿಕೊಳ್ಳುತ್ತಿದ್ದರು. ಕೊನೆಗೆ ನಾಲ್ಕೈದು ದನಿ ಉಳಿಯುತ್ತಿದ್ದವು, ಆಮೇಲೆ ಒಂದು. ಅಷ್ಟರಲ್ಲಿ ರೇಡಿಯೊ ಬಾಯಿ ಬಿಡುತ್ತಿತ್ತು. ಉಬ್ಬಸದವರು, ಬಸುರಿಯರು, ಹೊಸದಾಗಿ ಹಲ್ಲು ಕಟ್ಟಿಸಿಕೊಂಡವರು, ಯಾರನ್ನೂ ಬೇಡ ಎನ್ನುತ್ತಿರಲಿಲ್ಲ.

ಆದರೆ ಒಬ್ಬರಾದರೂ ಕಬಡ್ಡಿ ಎನ್ನದೆ ಇರಬೇಕಿತ್ತು. ಅಷ್ಟು ಗದ್ದಲದಲ್ಲಿ ದನಿ ಮರಳಿ ಬಂದದ್ದನ್ನು ಕೇಳಿ ಕೈ ಎತ್ತಲು, ಮೌನ ಎಷ್ಟು ಹೊತ್ತಿತ್ತೆಂದು ಹಲಗೆಯ ಮೇಲೆ ಬರೆಯಲು ಒಬ್ಬರು ಬೇಕಲ್ಲ. ಆ ಕೆಲಸ ನನ್ನದಾಗಿತ್ತು. ನಾನು ಆಗಷ್ಟೇ ಬಿ.ಎ. ಮುಗಿಸಿ ವಾಚನಾಲಯದಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸುವ ತಾತ್ಕಾಲಿಕ ಕೆಲಸದಲ್ಲಿದ್ದೆ. ಹೈಸ್ಕೂಲಿನ ಪಿ.ಟಿ. ಮಾಸ್ತರ ಫಕೀರಪ್ಪನವರು ತಮ್ಮ ಸ್ಟಾಪ್‌ವಾಚು ತಂದು ನನ್ನ ಕೈಗಿಟ್ಟು, 'ನೀಲಾ, ಈ ಊರಾಗ ಬಾಯಿ ಮುಚ್ಚಿಕೊಂಡ ಇರಾಕ ಬರೋದು ನಿನಗೊಬ್ಬಾಕಿಗೇ. ಇದನ್ನ ನೀನ ಹಿಡಿ' ಎಂದಿದ್ದರು. ಹೊಗಳಿಕೆಯೋ ಮೂದಲಿಕೆಯೋ ತಿಳಿಯಲಿಲ್ಲ. ನಾನು ಕಪಾಟಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ. ಮೂರು ನೂರು ಗಂಟಲುಗಳ ಆ ಗುಂಯ್ ಎನ್ನುವ ಸದ್ದಿನ ಕೆಳಗೆ, ತೊಟ್ಟಿಯ ತಳದಲ್ಲಿ ತಣ್ಣಗೆ ಕೂತಿರುವ ನೀರಿನಂತೆ, ರೇಡಿಯೊದ ಮೌನ ನನಗೆ ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆಟಕ್ಕಿಂತ ಅದೇ ಇಷ್ಟವಾಗಿತ್ತು. ಪ್ರತಿಯೊಬ್ಬ ದಾಳಿಗಾರನ ಮೌನಕ್ಕೂ ಒಂದೊಂದು ನಡಿಗೆ ಇದೆ ಎಂದು ನಾನು ನಂಬಿದ್ದೆ. ಕಣ್ಣು ಮುಚ್ಚಿ ಇವನದು, ಇವನದು ಎಂದು ಗುರುತಿಸುತ್ತಿದ್ದೆ.

ಎಲ್ಲರಿಗಿಂತ ಉದ್ದದ ಮೌನ ಯಮನೂರನದು. ಇಪ್ಪತ್ತನಾಲ್ಕು ಸೆಕೆಂಡು, ಕೆಲವೊಮ್ಮೆ ಇಪ್ಪತ್ತಾರು. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಅಂಡಿಗೆ ಮೂಟೆ ಹೊರುವವನು, ಮಾತು ಕಡಿಮೆ. ಅವನ ತಾಯಿ ಗಾಳೆವ್ವ ಮಂಡಕ್ಕಿ ಭಟ್ಟಿಯಲ್ಲಿ ಕಾದ ಉಸುಕಿಗೆ ಅಕ್ಕಿ ಸುರಿದು ಹುರಿಯುವ ಕೆಲಸ ಮಾಡುತ್ತಿದ್ದಳು. ಗಂಡ ಯಾವ ಕಾಲದಲ್ಲೋ ಹೋಗಿದ್ದ. ಊರಲ್ಲಿ ಅವನನ್ನು ಯಾರೂ ಬರಿ ಯಮನೂರ ಎನ್ನುತ್ತಿರಲಿಲ್ಲ, ಗಾಳೆವ್ವನ ಮಗ ಯಮನೂರ ಎನ್ನುತ್ತಿದ್ದರು. ಭಾನುವಾರ ಅವಳು ಭಟ್ಟಿಯಿಂದ ನೇರವಾಗಿ, ಹುಬ್ಬಿನ ಮೇಲೆ ಬೂದಿ ಇರುವ ಹಾಗೆಯೇ ಬಂದು ಕಪಾಟಿನ ಎದುರಿಗೆ ಕೂರುತ್ತಿದ್ದಳು. ಮಗನ ಸರದಿಯಲ್ಲಿ ಕೊನೆಗೆ ಉಳಿಯುವ ಒಂದೇ ದನಿ ಅವಳದು. ಅದು ನಿಂತ ಕ್ಷಣಕ್ಕೆ ಸೇತುರಾಮಯ್ಯನವರ ದನಿ ಬರುತ್ತಿತ್ತು. ಒಂದು ಸೆಕೆಂಡು ಹಿಂದೆ ಇಲ್ಲ, ಮುಂದೆ ಇಲ್ಲ. ಸ್ಟಾಪ್‌ವಾಚು ಹಿಡಿದವಳು ನಾನಾದ್ದರಿಂದ ಇದನ್ನು ಹೇಳುತ್ತಿದ್ದೇನೆ. ಅವನು ಸಿಕ್ಕಿಬಿದ್ದ ದಿನ ಅವಳ ಉಸಿರು ನಡುವೆಯೇ ತುಂಡಾಗುತ್ತಿತ್ತು. ರೇಡಿಯೊ ಹೇಳುವುದಕ್ಕೆ ಮೊದಲೇ ಜನ 'ಹೋತು' ಎಂದು ತಲೆ ತಗ್ಗಿಸುತ್ತಿದ್ದರು.

ಪತ್ರಿಕೆಯಲ್ಲಿ ಒಮ್ಮೆ ರಾಜಧಾನಿಯ ನಾಯಕ ನೆಗೆಯುತ್ತಿರುವ ಚಿತ್ರ ಬಂದಿತ್ತು. ಅದರ ಅಂಚಿನಲ್ಲಿ ಅವನ ಪಾದ ಹಿಡಿದ ಒಂದು ಕೈ. ಮಣಿಕಟ್ಟಿನ ಆಚೆಗೆ ಚಿತ್ರವನ್ನು ಕತ್ತರಿಸಿದ್ದರು. ಗಾಳೆವ್ವ ಅದನ್ನು ಕಂದೀಲಿನ ಬೆಳಕಿಗೆ ಹಿಡಿದು, ಹೆಬ್ಬೆರಳ ಬುಡದ ಸುಟ್ಟ ಕಲೆ ತೋರಿಸಿ, 'ಇದು ನಮ್ಮ ಭಟ್ಟಿ ಉಸುಕು ಬಿದ್ದದ್ದು. ಆಗ ಅಂವಗ ನಾಕು ವರ್ಷ' ಎಂದಿದ್ದಳು. ಆ ಕೈಯನ್ನಷ್ಟೇ ಕತ್ತರಿಸಿ ಗೋಡೆಗೆ ಅಂಟಿಸಿದ್ದಳು. ದೇವರ ಪಟದ ಪಕ್ಕದಲ್ಲಿ, ಎರಡು ಬೆರಳಗಲದ ಒಂದು ಕೈ.

ಆ ವರ್ಷ ನಮ್ಮ ತಂಡ ಮೊದಲ ಸಲ ರಾಜ್ಯ ಪಂದ್ಯಾವಳಿಯ ಕೊನೆಯ ಸುತ್ತಿಗೆ ಬಂದಿತ್ತು. ಎದುರಾಳಿ ರಾಜಧಾನಿಯೇ, ಪಂದ್ಯ ಅವರ ಮೈದಾನದಲ್ಲಿಯೇ. ಯಮನೂರನಿಗೆ ಮೂವತ್ನಾಲ್ಕಾಗಿತ್ತು, ಬಲ ಮಂಡಿ ಊದಿಕೊಳ್ಳುತ್ತಿತ್ತು. ಇದು ಕೊನೆಯ ಆಟ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಅದೇ ವಾರ ನನ್ನ ಘಟಿಕೋತ್ಸವವೂ ರಾಜಧಾನಿಯಲ್ಲಿತ್ತು. ಶುಕ್ರವಾರ ಪದವಿ ಪತ್ರ ಪಡೆದು, ಶನಿವಾರದ ಬಸ್ಸಿಗೆ ಮರಳುವವಳು. ಹೊರಡುವ ಹಿಂದಿನ ದಿನ ಗಾಳೆವ್ವ ವಾಚನಾಲಯಕ್ಕೆ ಬಂದಳು. ಸೆರಗಿನಲ್ಲಿ ಬಿಸಿ ಮಂಡಕ್ಕಿ ಇತ್ತು. ಮೇಜಿನ ಮೇಲೆ ಸುರಿದು, ಕಪಾಟಿನ ಮೇಲಿನ ರೇಡಿಯೊವನ್ನು ನೋಡುತ್ತ ನಿಂತಳು.

'ನೀ ಶಹರಕ್ಕ ಹೊಂಟೀಯಂತಲ್ಲ.'

'ಹೌದವ್ವ.'

'ಆ ಮಾತಾಡೋ ಹಿರ್ಯಾರು ಅಲ್ಲೇ ಇರ್ತಾರೇನು?'

'ಇರ್ತಾರ. ಆಟ ಅಲ್ಲೇ ಐತಲ್ಲ.'

ಅವಳು ಖಾಲಿ ಸೆರಗನ್ನು ಕೊಡವಿಕೊಂಡಳು. 'ಹದಿನಾರು ವರ್ಷ ಆತು ನೀಲವ್ವಾ. ಆ ಪೆಟಗಿ ಶಹರದ ಮಂದಿ ಹೆಸರೆಲ್ಲ ಹೇಳ್ತದ. ಯಾರದೋ ಮಗ, ಯಾರದೋ ಅಳಿಯ, ಬೆಳಿಗ್ಗೆ ಏನ ತಿಂತಾನ ಅನ್ನೋದು ಸೈತ ಹೇಳ್ತದ. ಗೆಲಸು ಅಂತ ನಾ ಅನ್ನಂಗಿಲ್ಲ, ಅದು ಅಂವನ ಕೆಲಸ. ಒಂದ ಸಲ ನನ್ನ ಮಗನ ಹೆಸರ ಅನಸು. ನಾ ಕೇಳಬೇಕು. ಇದೊಂದ ಆಟ ಉಳದದ. ಆಮ್ಯಾಲ ಅನ್ನಾಕ ಆಟನ ಇರಂಗಿಲ್ಲ.'

ನಾನು ಮಂಡಕ್ಕಿ ತಿಂದೆ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

ಹೀಗಾಗಿ ನಾನು ಭಾನುವಾರದವರೆಗೆ ರಾಜಧಾನಿಯಲ್ಲೇ ಉಳಿಯಬೇಕಾಯಿತು. ಹೊರಡುವ ಮುಂಚೆ ಸ್ಟಾಪ್‌ವಾಚನ್ನು ಫಕೀರಪ್ಪ ಮಾಸ್ತರಿಗೆ ಮರಳಿಸಿದೆ. 'ನೀವು ಕಬಡ್ಡಿ ಅನಬಾರದ್ರಿ ಸರ್. ನೀವೊಬ್ಬರು ಕೇಳಬೇಕು' ಎಂದೆ. 'ನನಗ ಹೇಳ್ತಿಯೇನ? ನಾ ಶಿಸ್ತಿನ ಮಾಸ್ತರ' ಎಂದರು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದು ಮಾತ್ರ ಹೇಳಲಿಲ್ಲ. ಆಗದ ಕೆಲಸಕ್ಕೆ ಮೊದಲೇ ಡಂಗುರ ಯಾಕೆ ಎನಿಸಿತ್ತು. ಈಗ ಯೋಚಿಸಿದರೆ, ಹೇಳದೆ ಬಿಡುವುದು ನನಗೆ ಸದಾ ಸುಲಭವಾಗಿತ್ತು, ಅಷ್ಟೇ.

ರಾಜಧಾನಿಯ ಮೈದಾನದ ಒಂದು ಬದಿಗೆ ಮರದ ಅಟ್ಟಣೆ ಇತ್ತು. ಆಟ ಶುರುವಾಗಲು ಅರ್ಧ ಗಂಟೆ ಇರುವಾಗ ಅದರ ಏಣಿಯ ಬುಡದಲ್ಲಿ ಸೇತುರಾಮಯ್ಯನವರು ಸಿಕ್ಕರು. ಬಿಳಿ ಪಂಚೆ, ದಪ್ಪ ಕನ್ನಡಕ, ಕೈಯಲ್ಲಿ ಲವಂಗದ ಪುಟ್ಟ ಡಬ್ಬಿ. ನಾನು ಎಷ್ಟೋ ವರ್ಷಗಳಿಂದ ಕೇಳಿದ ದನಿ ಆ ಸಣ್ಣ ದೇಹದಿಂದ ಬರುತ್ತದೆ ಎಂದು ನಂಬಲಾಗಲಿಲ್ಲ. ಜಗಳಕ್ಕೆಂದು ಸಿದ್ಧಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

'ನೀವು ನಮ್ಮ ಊರಿನವರ ಹೆಸರು ಹೇಳುವುದಿಲ್ಲ' ಎಂದೆ.

'ಹಾಗೆ ಯಾರು ಹೇಳಿದರಮ್ಮ?' ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. 'ನಾನು ಆಟ ಶುರುವಾದರೆ ಮುಗಿಯುವವರೆಗೆ ಬಾಯಿ ಮುಚ್ಚುವುದಿಲ್ಲ. ಮೂವತ್ತು ವರ್ಷ ಆಯಿತು. ಮನೆಯವಳು ಇದಕ್ಕೇ ಬೈಯುತ್ತಾಳೆ.'

'ನಮ್ಮವರು ದಾಳಿಗೆ ಹೋದಾಗ?'

'ಆಗಲೂ ಮಾತಾಡುತ್ತೇನಲ್ಲ.' ಅವರು ಕೈಯಲ್ಲಿದ್ದ ಡಬ್ಬಿ ನೋಡಿಕೊಂಡರು. 'ಒಂದು ಲವಂಗ ಹಾಕಿಕೊಳ್ಳುತ್ತೇನೆ. ಗಂಟಲಿಗೆ. ಅದಕ್ಕೆ ಎಷ್ಟು ಹೊತ್ತು, ನಾಲ್ಕು ಸೆಕೆಂಡು.'

ಉಳಿದ ಇಪ್ಪತ್ತು ಸೆಕೆಂಡು ಎಲ್ಲಿ ಹೋಗುತ್ತವೆ ಎಂದು ನಾನು ಕೇಳಲಿಲ್ಲ. ಅವರು ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದು ತೋರಿಸಿದರು. ರಾಜಧಾನಿಯ ಹನ್ನೆರಡು ಜನರ ಹೆಸರು, ತಂದೆಯ ಹೆಸರು, ಎತ್ತರ, ನೌಕರಿ, ಇಷ್ಟದ ತಿಂಡಿ. ಕೆಳಗೆ ನಮ್ಮ ತಂಡ. ಒಂದರಿಂದ ಹನ್ನೆರಡರವರೆಗೆ ಬರಿ ಅಂಕಿ. 'ಹೆಸರು ಸಮಯಕ್ಕೆ ತಲುಪಿಲ್ಲವೇನೋ' ಎಂದರು, ನಾಚಿಕೆಯಿಂದ. 'ಪ್ರತಿ ಸಲವೂ ತಲುಪುವುದಿಲ್ಲ. ನೀವು ಬರೆದು ಕೊಡಿ. ಹೇಳುವುದಕ್ಕೇನು.'

ನಾನು ನನ್ನ ಘಟಿಕೋತ್ಸವದ ಆಮಂತ್ರಣದ ಹಿಂಬದಿಯ ಖಾಲಿ ಹಾಳೆಯನ್ನು ಹರಿದು, ಊರಲ್ಲಿ ಕರೆಯುವ ಹಾಗೆಯೇ ಬರೆದೆ: 'ಏಳನೆಯ ನಂಬರು. ಗಾಳೆವ್ವನ ಮಗ ಯಮನೂರ.' ಹನ್ನೆರಡೂ ಹೆಸರು ಬರೆಯಬಹುದಿತ್ತು. ಅವಳು ಕೇಳಿದ್ದು ಒಂದು, ನನಗೆ ಹೊಳೆದದ್ದೂ ಒಂದೇ. ಅವರು ಚೀಟಿ ಓದಿ, ತಲೆಯಾಡಿಸಿ, ಏಣಿ ಹತ್ತಿ ಹೋದರು. ಮೇಜಿನ ಮೇಲೆ ಚೀಟಿ ಇಟ್ಟು ಅದು ಹಾರದಂತೆ ಮೇಲೆ ಲವಂಗದ ಡಬ್ಬಿ ಇಟ್ಟದ್ದು ಕೆಳಗಿನಿಂದ ನನಗೆ ಕಂಡಿತು.

ಆಟ ಶುರುವಾಯಿತು. ಏಣಿಯ ಪಕ್ಕದಲ್ಲಿ ಕೂತ ಕಾವಲುಗಾರನ ಬಳಿ ಒಂದು ಟ್ರಾನ್ಸಿಸ್ಟರ್ ಇತ್ತು. ನಾನು ಅದಕ್ಕೆ ಹತ್ತಿರ ನಿಂತೆ. ಮೈದಾನದ ಧ್ವನಿವರ್ಧಕದಲ್ಲೂ ಅದರಲ್ಲೂ ಒಂದೇ ದನಿ. ರಾಜಧಾನಿಯವರು ದಾಳಿಗೆ ಹೋದಾಗ ಹೊಳೆಯಂತೆ ಮಾತು, ನಮ್ಮವರು ಹೋದಾಗ 'ಈಗ', ಮತ್ತೆ ಏನೂ ಇಲ್ಲ. ಅಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಹತ್ತು ಸಾವಿರ ಜನ ತಮ್ಮ ತಂಡದ ಹೆಸರು ಹಿಡಿದು ಕೂಗುತ್ತಿದ್ದರು. ಮೌನಕ್ಕೆ ಜಾಗವೇ ಇರಲಿಲ್ಲ. ನಾನು ಮೊದಲ ಬಾರಿಗೆ ನಮ್ಮವರ ದಾಳಿಯನ್ನು ಕಣ್ಣಾರೆ ನೋಡುತ್ತಿದ್ದೆ. ನಾನು ಕಿವಿಯಲ್ಲಿ ಕಟ್ಟಿಕೊಂಡಿದ್ದ ನಡಿಗೆಗಳು ಒಂದೂ ಹೊಂದಲಿಲ್ಲ. ಯಮನೂರನ ಮೌನ ನಿಧಾನದ್ದೆಂದು ಎಣಿಸಿದ್ದೆ. ಅವನು ನೋಡಿದರೆ ಬೆಂಕಿಯ ಮೇಲೆ ನಡೆಯುವವನ ಹಾಗೆ ಕಾಲು ಊರುತ್ತಲೇ ಇರಲಿಲ್ಲ.

ಅರ್ಧ ಆಟ ಮುಗಿಯಿತು. ಚೀಟಿ ಡಬ್ಬಿಯ ಕೆಳಗೇ ಇತ್ತು. ಯಮನೂರ ಐದು ಸಲ ದಾಳಿ ಹೋಗಿ ಬಂದ, ಐದು ಸಲವೂ 'ಈಗ'. ಸೇತುರಾಮಯ್ಯ ಡಬ್ಬಿ ಎತ್ತದೆ, ಮುಚ್ಚಳವನ್ನಷ್ಟೇ ತೆರೆದು ಲವಂಗ ತೆಗೆಯುತ್ತಿದ್ದರು. ನನಗೆ ಕೆಳಗಿನಿಂದ ಕೂಗಿ ಹೇಳುವ ಧೈರ್ಯವಿರಲಿಲ್ಲ.

ಕೊನೆಯ ನಿಮಿಷಕ್ಕೆ ರಾಜಧಾನಿ ಇಪ್ಪತ್ತೊಂಬತ್ತು, ನಾವು ಇಪ್ಪತ್ತೆಂಟು. ಕೊನೆಯ ದಾಳಿ ನಮ್ಮದು. ಒಬ್ಬನನ್ನು ಮುಟ್ಟಿ ಬಂದರೆ ಸರಿಸಮ, ಇಬ್ಬರನ್ನು ಮುಟ್ಟಿದರೆ ಗೆಲುವು. ಯಮನೂರ ಮಂಡಿಯ ಪಟ್ಟಿ ಬಿಗಿದುಕೊಂಡು ಎದ್ದ. ಸೇತುರಾಮಯ್ಯ 'ಈಗ' ಎಂದರು. ಕೈ ಡಬ್ಬಿಗೆ ಹೋಯಿತು. ಲವಂಗ ಮುಗಿದಿತ್ತೇನೋ, ಡಬ್ಬಿಯನ್ನು ಎತ್ತಿ ಬೋರಲು ಹಾಕಿ ಅಲ್ಲಾಡಿಸಿದರು. ಕೆಳಗೆ ಚೀಟಿ ಕಂಡಿತು. ಕನ್ನಡಕ ಮೇಲೇರಿಸಿಕೊಂಡರು.

'ಏಳನೆಯ ನಂಬರು. ಗಾಳೆವ್ವನ ಮಗ ಯಮನೂರ.'

ಧ್ವನಿವರ್ಧಕದಲ್ಲಿ ಬಂತು, ಟ್ರಾನ್ಸಿಸ್ಟರಿನಲ್ಲಿ ಬಂತು. ಚಿತ್ರಗೀತೆಯಷ್ಟು ಸ್ಪಷ್ಟವಾಗಿ. ಆಮೇಲೆ ಅವರು ತಡೆಯಲೇ ಇಲ್ಲ. 'ಗಾಳೆವ್ವನ ಮಗ ಯಮನೂರ ಬಲಕ್ಕೆ ಸರಿದಿದ್ದಾರೆ, ಒಬ್ಬರನ್ನು ಮುಟ್ಟಿದ್ದಾರೆ, ಇದೋ ಇನ್ನೊಬ್ಬರ ಭುಜ, ಇಬ್ಬರು, ಯಮನೂರ ಹಿಂದಿರುಗುತ್ತಿದ್ದಾರೆ, ಗಾಳೆವ್ವನ ಮಗ ಯಮನೂರ.' ಜನ ಕೂಗುವುದನ್ನು ನಿಲ್ಲಿಸಿದ್ದರು. ಗೆರೆ ಎರಡು ಹೆಜ್ಜೆ ದೂರದಲ್ಲಿತ್ತು. ಆಗ ಯಮನೂರ ನಿಂತ. ನಿಂತ ಎಂದರೆ ಕಣ್ಣು ಮಿಟುಕಿಸುವಷ್ಟು. ಮುಖ ಎತ್ತಿ ಅಟ್ಟಣೆಯ ಕಡೆ, ದನಿ ಬಂದ ಕಡೆ ನೋಡಿದ. ಹಿಂದಿನಿಂದ ಬಂದವನು ಅವನ ಪಾದ ಹಿಡಿದ. ಉಳಿದವರೆಲ್ಲ ಮೇಲೆ ಬಿದ್ದರು. ಅವನ ಬೆರಳು ಗೆರೆಗೆ ಒಂದು ಗೇಣು ಈಚೆಗೆ ಮಣ್ಣಿನಲ್ಲಿ ಚಾಚಿತ್ತು. ಉಸಿರು ತುಂಡಾಯಿತು.

ಆಟದ ನಂತರ ತಂಡದ ಲಾರಿಯ ಬಳಿ ಹೋದೆ. ಯಮನೂರ ಮಂಡಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹಿಂದಿನ ಹಲಗೆಯ ಮೇಲೆ ಕೂತಿದ್ದ. ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ನನ್ನನ್ನು ನೋಡಿ ತಾನಾಗಿಯೇ ಹೇಳಿದ, ಬಹುಶಃ ಅವನು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

'ಯಾರೋ ಕರದಂಗಾತು ಅಕ್ಕಾರ. ನಮ್ಮವ್ವನ ಹೆಸರ ಹಿಡದು ಕರದ್ರು. ಊರಾಗ ಏನರ ಆಗಿರಬೇಕು, ಅವ್ವಗ ಏನೋ ಆಗೇತಿ ಅಂತ ಬಗದೆ. ನೋಡೂದ್ರಾಗ ಕಾಲು ಹಿಡದಬಿಟ್ರು.'

'ಗಾಳೆವ್ವ ಆರಾಮ ಅದಾಳ' ಎಂದೆ. ಅಷ್ಟನ್ನೇ ಹೇಳಿದೆ. ಹದಿನಾರು ವರ್ಷ ಮೌನದಲ್ಲಿ ಓಡಿ ಅಭ್ಯಾಸವಾದ ಮನುಷ್ಯನಿಗೆ ಒಮ್ಮೆಗೇ ಹೆಸರು ಹಿಡಿದು ಕರೆದರೆ ಏನಾಗಬಹುದೆಂದು ನಾನು ಯೋಚಿಸಿರಲಿಲ್ಲ. ಯೋಚಿಸುವುದೊಂದನ್ನೇ ಕಲಿತು ಪದವಿ ಪಡೆದು ಬಂದವಳು.

ರಾತ್ರಿಯೆಲ್ಲ ಬಸ್ಸಿನಲ್ಲಿ ಒಂದೇ ಸಮಾಧಾನವಿತ್ತು. ಸೋಲು ಸೋಲೇ, ಆದರೆ ಅವಳು ಕೇಳಿರುತ್ತಾಳೆ. ಹೆಸರು ಬಂದಾಗ ವಾಚನಾಲಯ ಹೇಗಾಗಿರಬಹುದೆಂದು ಮತ್ತೆ ಮತ್ತೆ ಕಲ್ಪಿಸಿಕೊಂಡೆ. ಬೆಳಿಗ್ಗೆ ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಎಂದಿನಂತೆ ಇತ್ತು. ಸೋಲಿನ ಮರುದಿನದ ಮುಖಗಳು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ವಾಚನಾಲಯದ ಮೆಟ್ಟಿಲ ಮೇಲೆ ಫಕೀರಪ್ಪ ಮಾಸ್ತರರು ಪತ್ರಿಕೆ ಹಿಡಿದು ಕೂತಿದ್ದರು.

'ಕೇಳಿದ್ರ್ಯಾ ಸರ್?' ಎಂದೆ.

'ಏನ?'

'ಕೊನೀ ದಾಳಿ. ಹೆಸರ ಹೇಳಿದ್ರಲ್ಲ.'

ಮಾಸ್ತರು ಪತ್ರಿಕೆ ಮಡಚಿದರು. 'ಯಾರ ಹೆಸರು?'

ನಾನು ಹೇಳಿದೆ. ಅವರು ಜೇಬಿನಿಂದ ಸ್ಟಾಪ್‌ವಾಚು ತೆಗೆದು ಮೆಟ್ಟಿಲ ಮೇಲೆ ಇಟ್ಟರು.

'ಈಗ ಅಂದ ಕೂಡಲೆ ಮಂದಿ ಶುರು ಮಾಡಿದ್ರು. ಯಾವತ್ತಿಗಿಂತ ಜೋರು, ಕಡೀತನಕ ಒಬ್ಬರೂ ಉಸಿರ ಬಿಡಲಿಲ್ಲ. ಕಡೀ ದಾಳಿ ನೋಡು, ಕಿಟಕಿ ಸರಳು ಗದಗದ ನಡಗತಿದ್ವು. ಇಡೀ ಆಟ ನಾ ಸುಮ್ಮನಿದ್ದೆ ನೀಲಾ, ಆಣಿ ಮಾಡಿ ಹೇಳತೀನಿ. ಅದೊಂದಕ್ಕ ತಡಕೊಳ್ಳಾಕ ಆಗಲಿಲ್ಲ. ನಾನೂ ಅಂದೆ.'

ಮೂರು ನೂರು ಜನ ಅವನ ಹೆಸರಿನ ಮೇಲೆ ಕಬಡ್ಡಿ ಎಂದಿದ್ದರು. ಬಂದ ಹೆಸರನ್ನು ಅವರ ಪ್ರೀತಿಯೇ ಮುಚ್ಚಿತ್ತು. ಅದನ್ನು ಕೇಳಬಹುದಾಗಿದ್ದ ಒಂದೇ ಕಿವಿ ಅಂದು ರಾಜಧಾನಿಯಲ್ಲಿತ್ತು.

ಈಗ ಆ ರೇಡಿಯೊ ಇಲ್ಲ, ಆ ಕಪಾಟೂ ಇಲ್ಲ. ಪಂದ್ಯಗಳನ್ನು ಟಿವಿಯಲ್ಲಿ ತೋರಿಸುತ್ತಾರೆ, ನಮ್ಮೂರಿನವರು ಆಡಿದರೂ ಕಾಣಿಸುತ್ತಾರೆ, ಹೆಸರು ಕೆಳಗೆ ಬರುತ್ತದೆ. ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಕೂತು ನೋಡುತ್ತಾರಂತೆ. ನಾನು ಈಗಿರುವ ಊರಿನಲ್ಲಿ ಕೆಲವು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ, ಆ ಇಪ್ಪತ್ತನಾಲ್ಕು ಸೆಕೆಂಡಿನ ಮೌನ ಒಮ್ಮೊಮ್ಮೆ ಕೋಣೆಯೊಳಗೆ ಬಂದು ಕೂರುತ್ತದೆ. ಅನ್ಯಾಯವೇ ಆಗಿತ್ತು ಅದು, ಅನುಮಾನವಿಲ್ಲ. ಆದರೂ ಅಷ್ಟು ಜನ ಒಬ್ಬನಿಗಾಗಿ ಒಟ್ಟಿಗೆ ಉಸಿರು ಹಿಡಿದದ್ದನ್ನು ನಾನು ಮತ್ತೆಲ್ಲೂ ಕೇಳಲಿಲ್ಲ. ಅನ್ಯಾಯಕ್ಕಾಗಿ ಹಂಬಲಿಸುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ, ಉತ್ತರ ಬರುವುದರೊಳಗೆ ಕರೆಂಟು ಬರುತ್ತದೆ.

ಆ ಬೆಳಿಗ್ಗೆ ಮೆಟ್ಟಿಲಿನಿಂದ ನೇರ ಮಂಡಕ್ಕಿ ಭಟ್ಟಿಗೆ ಹೋದೆ. ಗಾಳೆವ್ವ ಒಂದು ಕೈಯಲ್ಲಿ ಜರಡಿ ಹಿಡಿದು ಒಲೆಗೆ ಭತ್ತದ ಹೊಟ್ಟು ತಳ್ಳುತ್ತಿದ್ದಳು. ಬಾಣಲೆಯ ಉಸುಕಿನಲ್ಲಿ ಅಕ್ಕಿ ಚಟಚಟ ಅರಳುತ್ತಿತ್ತು. ನನ್ನನ್ನು ಕಂಡು, 'ಆಗಲಿಲ್ಲಲ್ಲ? ಇರಲಿ ಬಿಡು, ಸಣ್ಣ ಮುಖ ಮಾಡಬ್ಯಾಡ' ಎಂದಳು.

'ಹೇಳಿದ್ರವ್ವ' ಎಂದೆ. 'ಕೊನೀ ದಾಳಿಗೆ. ನೀವೆಲ್ಲ ಕಬಡ್ಡಿ ಅನ್ನೋವಾಗ.'

ಅವಳ ಕೈ ನಿಂತಿತು. ಜರಡಿಯನ್ನು ಗೋಡೆಗೆ ಆನಿಸಿ ನನ್ನ ಎದುರಿಗೆ ಬಂದು ನಿಂತಳು.

'ಏನಂದ್ರು?'

'ಗಾಳೆವ್ವನ ಮಗ ಯಮನೂರ ಅಂದ್ರು.'

'ನನ್ನ ಹೆಸರ ಸೈತ?'

'ಮೂರು ಸಲ.'

ಅವಳು ಹುಬ್ಬಿನ ಮೇಲಿನ ಬೂದಿ ಒರೆಸಿಕೊಂಡಳು. ಮೂರು ಸಲ ಬಂದದ್ದನ್ನು ತಾನೇ ಕೂಗಿ ಮುಚ್ಚಿಬಿಟ್ಟೆನಲ್ಲ ಎಂದು ಅಳುತ್ತಾಳೆ ಎಂದುಕೊಂಡೆ. ಅವಳು ಬೇರೆಯದನ್ನೇ ಕೇಳಿದಳು.

'ಅಂವಗ ಕೇಳಿಸಿತೇನ?'

ಸುಳ್ಳು ಹೇಳಬಹುದಿತ್ತು. ಯಮನೂರನಿಗೆ ಹೇಳದೆ ಬಿಟ್ಟ ಹಾಗೆ ಇವಳಿಗೂ ಹೇಳದೆ ಬಿಡಬಹುದಿತ್ತು.

'ಕೇಳಿಸಿತವ್ವ. ನಿಂತು ತಿರುಗಿ ನೋಡಿದ. ಆವಾಗ ಹಿಡದ್ರು. ಚೀಟಿ ಬರದ ಕೊಟ್ಟಾಕಿ ನಾನು.'

ಬಾಣಲೆಯಲ್ಲಿ ಮಂಡಕ್ಕಿ ಸೀಯುವ ವಾಸನೆ ಬಂತು. ಅವಳು ಆ ಕಡೆ ತಿರುಗಲಿಲ್ಲ. ಅವಳ ಮುಖದಲ್ಲಿ ಮೂಡಿದ್ದು ನಗೆಯೋ ಏನೋ ಇವತ್ತಿಗೂ ನನಗೆ ಖಚಿತವಿಲ್ಲ.

'ಸಣ್ಣಾಂವ ಇದ್ದಾಗಿಂದ ಹಂಗ ಅದಾನ' ಎಂದಳು. 'ಓಣ್ಯಾಗ ಆಡೋವಾಗ ನಾ ಕರದ್ರ, ಗೆಲ್ಲೂ ಆಟ ಬಿಟ್ಟು ತಿರುಗಿ ನೋಡ್ತಿದ್ದ. ಎಷ್ಟ ಸಲ ಸೋತಾನ ನನ್ನ ಸಲುವಾಗಿ.' ಒಲೆಯ ಮುಂದಿನ ಮಣೆಯ ಮೇಲೆ ಕೂತಳು. 'ನೀಲವ್ವಾ, ಅವರು ಅಂದಂಗ ಅನ್ನು. ಪೆಟಗ್ಯಾಗ ಬರ್ತದಲ್ಲ, ಹಂಗ. ಮೊದಲಿಂದ.'

ಹತ್ತು ಜನರೆದುರು ದನಿ ಎತ್ತಿದವಳಲ್ಲ ನಾನು. ಭಟ್ಟಿಯ ಕಂಬ ಹಿಡಿದು ನಿಂತು, ಗಂಟಲು ಸರಿಮಾಡಿಕೊಂಡು, ಸೇತುರಾಮಯ್ಯನವರ ಹಾಗೆ 'ಈಗ' ಎಂದೆ.

ಗಾಳೆವ್ವ ರೂಢಿಯಂತೆ ಎದೆ ತುಂಬ ಉಸಿರೆಳೆದುಕೊಂಡಳು. ತುಟಿ ಬಿಚ್ಚಿತು. ನಾನು ಕಾದೆ. ಅವಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಎಳೆದುಕೊಂಡ ಉಸಿರನ್ನು ನಿಧಾನವಾಗಿ ಮೂಗಿನಿಂದ ಹೊರಗೆ ಬಿಟ್ಟು, ಕಿವಿಯನ್ನು ನನ್ನ ಕಡೆ ವಾಲಿಸಿ, ಸುಮ್ಮನೆ ಕೂತಳು.

'ಏಳನೆಯ ನಂಬರು' ಎಂದು ನಾನು ಶುರು ಮಾಡಿದೆ.